ಬ್ಯಾಕ್ಟೀರಿಯಾದ ಕೃಷಿಯಿಂದ ಅಮೈಲೇಸ್: ಕಿಣ್ವವನ್ನು ಬೇರ್ಪಡಿಸಿ ಶುದ್ಧಗೊಳಿಸುವ ಬಗೆ

ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ ಗಂಜಿ ಹಾಕಿದ ನೂಲಿನ ಮಾತು ಹೊಸದಲ್ಲ. ನೇಯುವಾಗ ಎಳೆ ಹರಿಯದಿರಲೆಂದು ಹಚ್ಚಿದ ಆ ಗಂಜಿಯ ಪಿಷ್ಟವನ್ನು ಒಡೆದು ಬಟ್ಟೆಯಿಂದ ಬಿಡಿಸಲು ಜವಳಿ ಉದ್ಯಮವು ಬಳಸುವ ಕಿಣ್ವವೇ ಅಮೈಲೇಸ್. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದಿಂದ ಅದನ್ನು ಪಡೆಯುವ ಕ್ರಮವನ್ನು ಕಾಲೇಜಿನ ಪ್ರಯೋಗಶಾಲೆಗೆ ಒಗ್ಗುವ ಪ್ರಮಾಣದಲ್ಲಿ ಇಲ್ಲಿ ವಿವರಿಸಿದೆ.

ನಮ್ಮ ಜಿಲ್ಲೆಯ ಮೆಕ್ಕೆಜೋಳದ ಪಿಷ್ಟವನ್ನೇ ಶೇ 1ರಷ್ಟು ಬೆರೆಸಿದ ಪೋಷಕ ದ್ರಾವಣದಲ್ಲಿ ಬ್ಯಾಕ್ಟೀರಿಯಾವನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತ ಸುಮಾರು 48 ಗಂಟೆ ಬೆಳೆಸಬೇಕು. ಈ ಕಿಣ್ವವು ಕೋಶದಿಂದ ತಾನಾಗಿಯೇ ಹೊರಗೆ ಸ್ರವಿಸುವುದರಿಂದ ಕೋಶಗಳನ್ನು ಒಡೆಯುವ ಶ್ರಮವಿಲ್ಲ. ಸೆಂಟ್ರಿಫ್ಯೂಜ್‌ನಲ್ಲಿ 4 ಡಿಗ್ರಿಯಲ್ಲಿ, ನಿಮಿಷಕ್ಕೆ 10,000 ಸುತ್ತಿನಂತೆ 15 ನಿಮಿಷ ತಿರುಗಿಸಿ ಮೇಲಿನ ತಿಳಿಯನ್ನು ಬಸಿದುಕೊಂಡರಾಯಿತು. ಪಿಷ್ಟದ ಅಗರ್ ತಟ್ಟೆಯ ಗುಳಿಯೊಂದಕ್ಕೆ ಆ ತಿಳಿಯ ಒಂದೆರಡು ಹನಿ ಹಾಕಿ, ಕೆಲವು ಗಂಟೆಗಳ ನಂತರ ಅಯೋಡಿನ್ ಸುರಿದಾಗ ಕಡುನೀಲಿಯ ನಡುವೆ ಬಣ್ಣವಿಲ್ಲದ ವೃತ್ತ ಮೂಡಿದರೆ ಕಿಣ್ವವಿದೆ ಎಂದು ತಿಳಿಯಬಹುದು.

ಕೆಲಸ ಹೆಚ್ಚಾಗಿ ಕೆಡುವುದು ಮುಂದಿನ ಹಂತದಲ್ಲಿ. 100 ಮಿ.ಲೀ. ತಿಳಿಯನ್ನು ಮಂಜುಗಡ್ಡೆಯ ಮೇಲಿಟ್ಟು, ಶೇ 70 ಸಂತೃಪ್ತತೆಗೆ (ಕರಗಬಲ್ಲ ಗರಿಷ್ಠ ಲವಣದ ಶೇ 70ರಷ್ಟಕ್ಕೆ) ಬೇಕಾದ 43.6 ಗ್ರಾಂ ಅಮೋನಿಯಂ ಸಲ್ಫೇಟನ್ನು ನುಣ್ಣಗೆ ಅರೆದು, ಹಿಂದಿನ ಚಿಟಿಕೆ ಕರಗಿದ ಮೇಲೆಯೇ ಮುಂದಿನದನ್ನು ಹಾಕುತ್ತ ಅರ್ಧ ಗಂಟೆಯಾದರೂ ತೆಗೆದುಕೊಳ್ಳಬೇಕು. ಲವಣವು ನೀರನ್ನು ತನ್ನತ್ತ ಸೆಳೆದಂತೆ ಆಸರೆ ತಪ್ಪಿದ ಪ್ರೋಟೀನುಗಳು ಒಂದಕ್ಕೊಂದು ಅಂಟಿ, ತಿಳಿ ನಿಧಾನವಾಗಿ ಮಸುಕಾಗುತ್ತದೆ. ಏಪ್ರಿಲ್‌ನ ಸೆಕೆಯಲ್ಲಿ ನಾನೊಮ್ಮೆ ಅವಸರಪಟ್ಟು ಜೋರಾಗಿ ಕಲಕಿದಾಗ ಬೀಕರಿನ ತುಂಬ ನೊರೆಯೆದ್ದು, ಎರಡು ದಿನದ ಕೃಷಿಯ ಕಿಣ್ವದಲ್ಲಿ ಬಹುಪಾಲು ಸತ್ವ ಕಳೆದುಕೊಂಡಿತು. ಗೊಬ್ಬರದ ಅಂಗಡಿಯ ಅಮೋನಿಯಂ ಸಲ್ಫೇಟ್ ಹೊಲಕ್ಕೆ ಸರಿ. ಇಲ್ಲಿ ಅದರ ಕಲ್ಮಶಗಳು ಕಿಣ್ವವನ್ನು ಕೆಡಿಸಬಲ್ಲವು.

ರಾತ್ರಿಯಿಡೀ ತಣ್ಣಗಿಟ್ಟು ಮತ್ತೆ ತಿರುಗಿಸಿದಾಗ ಸಿಗುವ ಗಸಿಯನ್ನು ಸ್ವಲ್ಪವೇ ಟ್ರಿಸ್ ಬಫರಿನಲ್ಲಿ (ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣದಲ್ಲಿ) ಕರಗಿಸಿ, ಲವಣವನ್ನು ಹೊರಬಿಟ್ಟು ಪ್ರೋಟೀನನ್ನು ಒಳಗೇ ಉಳಿಸುವ ಡಯಾಲಿಸಿಸ್ ಕೊಳವೆಯಲ್ಲಿ ಅರ್ಧದಷ್ಟು ಮಾತ್ರ ತುಂಬಿ ಗಂಟು ಹಾಕಿ, ಅದೇ ಬಫರಿನಲ್ಲಿ ಮುಳುಗಿಸಿಡಬೇಕು. ನೀರು ಒಳಸೇರಿ ಕೊಳವೆ ಉಬ್ಬುವುದರಿಂದ ಪೂರ್ತಿ ತುಂಬಿದರೆ ಒಡೆಯುತ್ತದೆ. ಅಮೈಲೇಸ್‌ನ ರಚನೆಯನ್ನು ಹಿಡಿದಿಡುವುದು ಕ್ಯಾಲ್ಸಿಯಂ. ಆದ್ದರಿಂದ ಬಫರಿಗೆ 2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಬೇಕು, ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುವ ಇಡಿಟಿಎ ಬಳಸಲೇಬಾರದು. ಹೊರಗಿನ ಬಫರನ್ನು ಮೂರ್ನಾಲ್ಕು ಬಾರಿ ಬದಲಿಸಿದ ನಂತರ ಅದಕ್ಕೆ ಬೇರಿಯಂ ಕ್ಲೋರೈಡ್ ಹನಿಸಿದಾಗ ಬಿಳಿ ಮಸುಕು ಕಾಣದಿದ್ದರೆ ಲವಣ ಹೋಗಿದೆ ಎಂದರ್ಥ.

ನಂತರ ವಿದ್ಯುದಾವೇಶದ ಸೆಳೆತದಿಂದ ಪ್ರೋಟೀನುಗಳನ್ನು ಹಿಡಿದಿಡುವ ಡಿಇಎಇ ಸೆಲ್ಯುಲೋಸ್ ಸ್ತಂಭದ ಮೂಲಕ ಹಾಯಿಸಿ, ಉಪ್ಪಿನ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತ ಭಾಗಗಳನ್ನು ಬೇರೆ ಬೇರೆ ನಳಿಕೆಗಳಲ್ಲಿ ಹಿಡಿಯಬೇಕು. ಪ್ರತಿ ಹಂತದಲ್ಲೂ ಲೆಕ್ಕವಿಡದಿದ್ದರೆ ಶುದ್ಧೀಕರಣಕ್ಕೆ ಅರ್ಥವಿಲ್ಲ. ಉದಾಹರಣೆಗೆ, ತಿಳಿಯಲ್ಲಿ 200 ಮಿ.ಗ್ರಾಂ ಪ್ರೋಟೀನಿಗೆ 1,000 ಯೂನಿಟ್ (ಕಿಣ್ವದ ಚಟುವಟಿಕೆಯ ಅಳತೆ) ಇದ್ದದ್ದು ಕೊನೆಗೆ 8 ಮಿ.ಗ್ರಾಂಗೆ 400 ಯೂನಿಟ್ ಆದರೆ, ಇಳುವರಿ ಶೇ 40ಕ್ಕೆ ಇಳಿದರೂ ಶುದ್ಧತೆ (ಪ್ರತಿ ಮಿ.ಗ್ರಾಂಗೆ ಸಿಗುವ ಯೂನಿಟ್) 10 ಪಟ್ಟು ಏರಿದೆ.

ಬಳಸಿದ ಕೃಷಿಯನ್ನು ಚರಂಡಿಗೆ ಸುರಿಯದೆ ಒತ್ತಡದ ಹಬೆಯ ಪಾತ್ರೆಯಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ ಬೇಯಿಸಬೇಕು. ಬ್ಯಾಸಿಲಸ್‌ನ ಬೀಜಕಗಳು ಕುದಿಯುವ ನೀರಿಗೆ ಜಗ್ಗುವುದಿಲ್ಲ.