ಅಂಟೂ ಇಲ್ಲ, ಹೊಲಿಗೆಯೂ ಇಲ್ಲ: ಟೆರಿಜಿಯಂ ಗ್ರಾಫ್ಟ್‌ನಲ್ಲಿ ನನ್ನ ಅನುಭವ

ಗದಗಿನಲ್ಲಿ ಕಣ್ಣಿನ ಓಪಿಡಿ ನಡೆಸುವವರಿಗೆ ಟೆರಿಜಿಯಂ, ಅಂದರೆ ಬಿಳಿಗುಡ್ಡೆಯಿಂದ ಕಾರ್ನಿಯಾ (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ) ಮೇಲೆ ಬೆಳೆಯುವ ಮಾಂಸ, ಅದರ ಕೇಸಿಗೆ ಬರವಿಲ್ಲ. ರೋಣ, ಮುಂಡರಗಿ ಕಡೆಯ ಹೊಲದವರು, ಗೌಂಡಿಗಳು, ದಿನವಿಡೀ ಬೈಕ್ ಮೇಲೆ ತಿರುಗುವವರು. "ಕಣ್ಣಾಗ ಮಾಂಸ ಬೆಳದೈತ್ರಿ, ಕಿತ್ತ ಒಗೀರಿ" ಅಂತಲೇ ಒಳಗೆ ಬರುತ್ತಾರೆ. ಕಿತ್ತು ಒಗೆಯುವುದೇನು, ಯಾರು ಬೇಕಾದರೂ ಮಾಡ್ತಾರೆ. ಮತ್ತೆ ಬೆಳೆಯದಂತೆ ಮಾಡೋದು ಕಷ್ಟ.

ಬೇರ್ ಸ್ಕ್ಲೀರಾ, ಅಂದರೆ ಮಾಂಸ ತೆಗೆದು ಬಿಳಿಗುಡ್ಡೆಯನ್ನು (ಸ್ಕ್ಲೀರಾ) ಹಾಗೇ ತೆರೆದು ಬಿಡೋದು, ನಾನೂ ಮಾಡಿದ್ದೇನೆ. ಹೆಚ್ಚೂಕಡಿಮೆ ಅರ್ಧ ಜನ ಮೊದಲಿಗಿಂತ ದಪ್ಪ, ಮೊದಲಿಗಿಂತ ಕೆಂಪು ಮಾಂಸ ಹೊತ್ತುಕೊಂಡು ವಾಪಸ್ ಬಂದರು. ಮತ್ತೆ ಬೆಳೆಯೋದನ್ನು ತಡೆಯುವ ಔಷಧ ಮೈಟೋಮೈಸಿನ್ 0.02% ಸ್ವಲ್ಪ ಕಾಲ ಬಳಸಿದೆ. ಆದರೆ ಸ್ಕ್ಲೀರಾ ತೆಳುವಾಗೋದು ವರ್ಷಗಳ ನಂತರವೂ ಆಗಬಹುದು. ಸುಗ್ಗಿ ಬಂತೆಂದರೆ ತಪಾಸಣೆಗೇ ಬರದ ಪೇಷಂಟ್‌ಗೆ ಅದನ್ನು ಹಾಕಲು ನನಗೆ ಧೈರ್ಯ ಸಾಲಲಿಲ್ಲ. ಕಂಜಂಕ್ಟೈವಾ (ಬಿಳಿಗುಡ್ಡೆಯ ಮೇಲಿನ ತೆಳು ಪದರ) ಚೂರನ್ನು ಅದೇ ಕಣ್ಣಿನ ಬೇರೆ ಕಡೆಯಿಂದ ತೆಗೆದು ಮಾಂಸ ಇದ್ದ ಜಾಗಕ್ಕೆ ಗ್ರಾಫ್ಟ್ ಆಗಿ ಹೊಲಿದಾಗ ಫಲಿತಾಂಶ ಚೆನ್ನಾಗಿತ್ತು. ಆದರೆ ಒಂದೊಂದಕ್ಕೂ 40-45 ನಿಮಿಷ, ಮೇಲೆ ವಾರಗಟ್ಟಲೆ "ಕಣ್ಣಾಗ ಮುಳ್ಳ ಮುರದಂಗ ಆಗ್ತೈತ್ರಿ" ಅನ್ನೋ ಗೋಳು.

ಆಮೇಲೆ ಹೊಲಿಗೆಯ ಬದಲು ಫೈಬ್ರಿನ್ ಅಂಟು. ಕೆಲಸ ಬಹಳ ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿಟ್ ಒಂದಕ್ಕೆ ಆಗ ಐದಾರು ಸಾವಿರ ಬೀಳುತ್ತಿತ್ತು. ನಾನು ಇಡೀ ಆಪರೇಷನ್‌ಗೆ ತಗೊಳ್ಳುತ್ತಿದ್ದದ್ದೇ ಅದಕ್ಕಿಂತ ಸ್ವಲ್ಪ ಜಾಸ್ತಿ. ಒಂದೇ ದಿನ ನಾಲ್ಕು ಜನರನ್ನು ಕೂಡಿಸಿ ಕಿಟ್ ಹಂಚುವ ಲೆಕ್ಕ ಹಾಕಿದೆ. ಬೆಳಿಗ್ಗೆ ಮಳೆ ಬಿದ್ದರೆ ಇಬ್ಬರು ಬಿತ್ತನೆಗೆ ಹೋಗಿಬಿಡುತ್ತಿದ್ದರು. ಕಲಸಿದ ಅಂಟು ಬಕೆಟ್ಟಿಗೆ. ಒಂದು ವರ್ಷ ಹೀಗೆ ಹಾಳಾದ ದುಡ್ಡಿನಲ್ಲಿ ಓಟಿ ಹುಡುಗನ ಎರಡು ತಿಂಗಳ ಪಗಾರ ಆಗುತ್ತಿತ್ತು.

ಅಂಟಿನ ಬದಲು ಪೇಷಂಟ್‌ನ ರಕ್ತದಲ್ಲೇ ಗ್ರಾಫ್ಟ್ ಕೂರಿಸ್ತೀನಿ ಅಂದಾಗ ಹುಬ್ಬಳ್ಳಿಯ ನನ್ನ ಸೀನಿಯರ್ ಒಬ್ಬರು ಬಿದ್ದೂ ಬಿದ್ದೂ ನಕ್ಕರು. "ಲೇ ತಮ್ಮಾ, ನಾಳೆ ಪ್ಯಾಡ್ ಬಿಚ್ಚಿದ್ರ ಗ್ರಾಫ್ಟ್ ಅದಕ್ಕ ಅಂಟಿ ಬರ್ತೈತಿ ನೋಡು." ಶುರುವಿನಲ್ಲಿ ಒಂದೆರಡು ಕೇಸಿನಲ್ಲಿ ಅವರ ಮಾತೇ ಗೆದ್ದಿತು. ಇನ್ನು ಕೆಲವು ಗ್ರಾಫ್ಟ್ ಮೂಗಿನ ಕಡೆಯಿಂದ ಸುರುಳಿ ಸುತ್ತಿಕೊಂಡವು. ಅವಕ್ಕೆ ಮರುದಿನ ಹೊಲಿಗೆ ಹಾಕಿದೆ, ಪುಕ್ಕಟೆ.

ಕಾರಣ ಎರಡು. ಗ್ರಾಫ್ಟ್ ಜೊತೆ ಟೆನನ್ಸ್ (ಕಂಜಂಕ್ಟೈವಾ ಕೆಳಗಿನ ನಾರಿನ ಪದರ) ಬಂದರೆ ಅದು ಕುಗ್ಗಿ ಎಳೆಯುತ್ತದೆ. ಕೆಳಗೆ ರಕ್ತ ಮಡುಗಟ್ಟಿದರೆ ಗ್ರಾಫ್ಟ್ ತೇಲುತ್ತದೆ. ಈಗ ಕಣ್ಣಿನ ಮೇಲ್ಭಾಗದ ಕಂಜಂಕ್ಟೈವಾವನ್ನು ಕ್ಸೈಲೊಕೇನ್ (ಮರಗಟ್ಟಿಸುವ ಮದ್ದು) ಕೊಟ್ಟು ಚೆನ್ನಾಗಿ ಉಬ್ಬಿಸುತ್ತೇನೆ. ಕತ್ತರಿಯ ತುದಿ ಆಚೆಯಿಂದ ಕಾಣುವಷ್ಟು ತೆಳುವಾಗಿ ಬಿಡಿಸುತ್ತೇನೆ. ಅಳತೆ ಖಾಲಿಯಾದ ಜಾಗಕ್ಕಿಂತ ಎಲ್ಲ ಕಡೆ ಸುಮಾರು 1 ಮಿ.ಮೀ. ಜಾಸ್ತಿ. ಗ್ರಾಫ್ಟ್‌ನ ಲಿಂಬಸ್ (ಕಾರ್ನಿಯಾ ಮತ್ತು ಬಿಳಿಗುಡ್ಡೆ ಸೇರುವ ಗೆರೆ) ಅಂಚು ಲಿಂಬಸ್‌ಗೇ ಬರಬೇಕು. ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೇಡ, ಕಾಟರಿ (ಸುಟ್ಟು ರಕ್ತ ನಿಲ್ಲಿಸೋದು) ದೊಡ್ಡ ರಕ್ತನಾಳಕ್ಕೆ ಮಾತ್ರ. ತೆಳು ಪದರದಷ್ಟು ರಕ್ತ ಜಿನುಗಬೇಕು, ಅಷ್ಟೇ. ಗ್ರಾಫ್ಟ್ ಹಾಸಿ, ಅಂಚುಗಳನ್ನು ಕೆಳಗೆ ಸಿಕ್ಕಿಸಿ, ಗಡಿಯಾರ ನೋಡಿ ಹತ್ತು ನಿಮಿಷ ಹಿಡಿಯುತ್ತೇನೆ. ಈ ಹತ್ತು ನಿಮಿಷ ಸುಮ್ನೆ ಕೂರಲು ಆಗದವರು ಅಂಟನ್ನೇ ಕೊಳ್ಳಲಿ. ಪ್ಯಾಡ್ ಎರಡು ದಿನ. ಬೆಡ್ (ಗ್ರಾಫ್ಟ್ ಕೂರುವ ಜಾಗ) ಪೂರ್ತಿ ಒಣಗಿದ್ದರೆ ರಕ್ತ ಬರಿಸಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯೋದಿಲ್ಲ, ಗದಗಿಗೆ ಬಂದರೆ ಓಟಿಯಲ್ಲೇ ತೋರಿಸ್ತೀನಿ.

ನಡುವೆ ಅಂಚುಗಳನ್ನು ಬೈಪೋಲಾರ್ ಎಂಬ ಕರೆಂಟಿನ ಚಿಮುಟದಿಂದ ಚಿಮುಟಿ ಅಂಟಿಸಿಯೂ ನೋಡಿದೆ. ಹಿಡಿಯುತ್ತದೆ, ಆದರೆ ಅಂಚು ಸುಟ್ಟು ಮುದುಡುತ್ತದೆ, ಬಿಟ್ಟೆ. ಗ್ಲಾಕೋಮಾ ಇರುವವರಿಗೆ ಗ್ರಾಫ್ಟ್ ಅನ್ನು ಕಣ್ಣಿನ ಕೆಳಭಾಗದಿಂದ ತೆಗೆಯುತ್ತೇನೆ. ಮುಂದೆ ಟ್ರಾಬ್ (ಕಣ್ಣಿನ ಪ್ರೆಶರ್ ಇಳಿಸುವ ಆಪರೇಷನ್) ಮಾಡಬೇಕಾಗಿ ಬಂದರೆ ಮೇಲಿನ ಕಂಜಂಕ್ಟೈವಾ ಉಳಿದಿರಬೇಕಲ್ವಾ? ಕೆಳಗೆ ಜಾಗ ಇಕ್ಕಟ್ಟು, ದೊಡ್ಡ ಟೆರಿಜಿಯಂಗೆ ಸಾಲದು.

ಈಗ ಒಂದು ಕೇಸ್ 25 ನಿಮಿಷದ ಆಸುಪಾಸು. ಅಂಟಿನ ಖರ್ಚು ಸೊನ್ನೆ. ಅಂದಾಜಿಗೆ ಹೇಳೋದಾದರೆ ನೂರರಲ್ಲಿ ಐದಾರು ಮತ್ತೆ ಬೆಳೆದಿವೆ, ಹೆಚ್ಚಿನವು ಮಾಂಸ ದಪ್ಪಗಿದ್ದ ಹರೆಯದವರವು. ಅಂಟಿನಲ್ಲೂ ನನಗೆ ಹೆಚ್ಚೂಕಡಿಮೆ ಇಷ್ಟೇ ಬರುತ್ತಿತ್ತು. ನಕ್ಕಿದ್ದ ಸೀನಿಯರ್ ಈಗ ತಮ್ಮ ಪಿಜಿ ಹುಡುಗರನ್ನು ನೋಡಲು ಕಳಿಸುತ್ತಾರೆ.

ಟೆರಿಜಿಯಂ ಜೊತೆ ಪೊರೆಯೂ ಇದ್ದರೆ ನಾನು ಒಟ್ಟಿಗೆ ಮಾಡೋದಿಲ್ಲ. ಮಾಂಸ ಎಳೆದು ಕಾರ್ನಿಯಾ ಅಡ್ಡಕ್ಕೆ ಚಪ್ಪಟೆಯಾಗಿರುತ್ತದೆ. ತೆಗೆದ ಮೇಲೆ ಕೆ ರೀಡಿಂಗ್ (ಕಾರ್ನಿಯಾದ ಬಾಗಿನ ಅಳತೆ) ಬದಲಾಗುತ್ತದೆ, ಹಳೆಯ ಲೆಕ್ಕದ ಲೆನ್ಸ್ ಹಾಕಿದರೆ ನಂಬರ್ ತಪ್ಪುತ್ತದೆ. ಎರಡು-ಮೂರು ತಿಂಗಳು ಕಾಯಿಸಿ, ರೀಡಿಂಗ್ ನಿಂತ ಮೇಲೆ ಲೆನ್ಸ್ ಲೆಕ್ಕ ಹಾಕುತ್ತೇನೆ. ಟೆರಿಜಿಯಂ ಆಪರೇಷನ್ ಆದ ಮೇಲೆ ಸ್ಟೀರಾಯ್ಡ್ ಡ್ರಾಪ್ಸ್ ಆರು ವಾರ, ಕಡಿಮೆ ಮಾಡುತ್ತಾ. ಕಣ್ಣು ತಂಪಾಗಿದೆ ಅಂತ ಮೆಡಿಕಲ್ ಶಾಪಿನಿಂದ ಅದನ್ನೇ ತಿಂಗಳುಗಟ್ಟಲೆ ಹಾಕಿಕೊಂಡು, ಕಣ್ಣಿನ ಪ್ರೆಶರ್ 40ರ ಮೇಲೆ ಏರಿಸಿಕೊಂಡು ಬಂದವರಿದ್ದಾರೆ. ಹಾಗಾಗಿ ಚೀಟಿಯಲ್ಲಿ ನಿಲ್ಲಿಸುವ ತಾರೀಕನ್ನು ಕೆಂಪು ಪೆನ್ನಿನಲ್ಲಿ ಬರೆದು, ಜೊತೆಗೆ ಬಂದವರಿಂದ ಒಮ್ಮೆ ಓದಿಸಿಯೇ ಕಳಿಸುತ್ತೇನೆ.