ಬ್ರಾಯ್ಲರ್ ಮರಿಯ ಮೊದಲ ವಾರಕ್ಕೆ ಪ್ರೋಟೀನ್: ಯಾವ ಹಿಂಡಿ, ಎಷ್ಟು, ಹೇಗೆ

ಸಾವಿರ ಬ್ರಾಯ್ಲರ್ ಮರಿಗಳು ಮೊದಲ ಏಳು ದಿನಗಳಲ್ಲಿ ತಿನ್ನುವುದು ಸುಮಾರು 150ರಿಂದ 170 ಕೆ.ಜಿ. ಆಹಾರ. ಅವೇ ಕೋಳಿಗಳು ತಲಾ ಎರಡು ಕೆ.ಜಿ. ತೂಗಿ ಲಾರಿ ಹತ್ತುವ ಹೊತ್ತಿಗೆ ಮೂರು ಟನ್ನಿಗೂ ಮೀರಿ ತಿಂದಿರುತ್ತವೆ. ಮೊದಲ ವಾರದ ಆಹಾರದಲ್ಲಿ ಕೆ.ಜಿ.ಗೆ ಐದು ರೂಪಾಯಿ ಉಳಿಸಿದರೂ ಇಡೀ ಬ್ಯಾಚಿಗೆ ಎಂಟುನೂರು ರೂಪಾಯಿಯ ಆಸುಪಾಸಿಗಿಂತ ಹೆಚ್ಚು ಉಳಿಯುವುದಿಲ್ಲ. ಮದ್ದೂರು, ಪಾಂಡವಪುರ, ನಂಜನಗೂಡಿನ ಕಡೆ ಕಬ್ಬು, ಭತ್ತದ ಜೊತೆಗೆ ಒಂದು ಶೆಡ್ ಕಟ್ಟಿಕೊಂಡು ತಾವೇ ಆಹಾರ ಬೆರೆಸುವ ರೈತರು ಈ ಲೆಕ್ಕವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅಗ್ಗದ ಹಿಂಡಿಗೆ ಜಾಗವಿದ್ದರೆ ಅದು ಮೂರನೆಯ ವಾರದ ನಂತರವೇ ಹೊರತು ಮೊದಲ ವಾರದಲ್ಲಲ್ಲ.

ಒಡೆದ ಮೊಟ್ಟೆಯಿಂದ ಹೊರಬಂದ ಮರಿ 40ರಿಂದ 45 ಗ್ರಾಂ ತೂಗುತ್ತದೆ. ಹೊಟ್ಟೆಯೊಳಗೆ ಉಳಿದ ಹಳದಿ ನಾಲ್ಕೈದು ದಿನಗಳಲ್ಲಿ ಕರಗಿಹೋಗುತ್ತದೆ. ಅಷ್ಟರೊಳಗೆ ಕರುಳು ಉಳಿದ ಮೈಗಿಂತ ವೇಗವಾಗಿ ಬೆಳೆದು, ಹೊರಗಿನ ಆಹಾರವನ್ನು ಜೀರ್ಣಿಸುವ ಶಕ್ತಿಯನ್ನು ಗಳಿಸಿಕೊಳ್ಳಬೇಕು. ಆದ್ದರಿಂದ ಚೀಲದ ಮೇಲೆ ಬರೆದ ಪ್ರೋಟೀನ್ ಅಂಕಿಗಿಂತ, ಆ ಎಳೆಯ ಕರುಳಿಗೆ ಅದರಲ್ಲಿ ಎಷ್ಟು ದಕ್ಕುತ್ತದೆ ಎಂಬುದೇ ಮುಖ್ಯ. ಪ್ರೀ ಸ್ಟಾರ್ಟರ್ ಎನ್ನುವ ಈ ಮೊದಲ ವಾರದ ಆಹಾರದಲ್ಲಿ ಶೇ 22ರಿಂದ 23ರಷ್ಟು ಪ್ರೋಟೀನ್, ಕೆ.ಜಿ.ಗೆ ಸುಮಾರು 3000 ಕಿಲೊಕ್ಯಾಲೊರಿ ಶಕ್ತಿ ಇರಬೇಕು. ಪ್ರೋಟೀನ್ ಇದಕ್ಕಿಂತ ಹೆಚ್ಚಿದರೆ ಲಾಭವಿಲ್ಲ. ಮಿಕ್ಕದ್ದು ಯೂರಿಕ್ ಆಮ್ಲವಾಗಿ ಹಿಕ್ಕೆ ಸೇರುತ್ತದೆ, ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ಅಮೋನಿಯಾ ವಾಸನೆ ಏಳುತ್ತದೆ.

ಆಧಾರವಾಗಿ ಸೋಯಾ ಹಿಂಡಿಯನ್ನೇ ಇಟ್ಟುಕೊಳ್ಳಿ. ಅದರಲ್ಲಿ ಸುಮಾರು ಶೇ 45ರಷ್ಟು, ಮುಸುಕಿನ ಜೋಳದಲ್ಲಿ ಶೇ 9ರಷ್ಟು ಪ್ರೋಟೀನ್ ಇದೆ ಎಂದುಕೊಂಡರೆ, 100 ಕೆ.ಜಿ. ಮಿಶ್ರಣಕ್ಕೆ 57 ಕೆ.ಜಿ. ಜೋಳದಿಂದ 5.1 ಕೆ.ಜಿ., 37.5 ಕೆ.ಜಿ. ಸೋಯಾ ಹಿಂಡಿಯಿಂದ 16.9 ಕೆ.ಜಿ., ಒಟ್ಟು 22 ಕೆ.ಜಿ. ಪ್ರೋಟೀನ್ ಸಿಗುತ್ತದೆ. ಉಳಿದ 5.5 ಕೆ.ಜಿ.ಯಲ್ಲಿ ಎಣ್ಣೆ, ಡಿಸಿಪಿ (ಸುಣ್ಣ, ರಂಜಕ ಒದಗಿಸುವ ಡೈಕ್ಯಾಲ್ಸಿಯಂ ಫಾಸ್ಫೇಟ್), ಸುಣ್ಣಕಲ್ಲಿನ ಪುಡಿ, ಉಪ್ಪು, ವಿಟಮಿನ್ ಮಿಶ್ರಣಗಳ ಜೊತೆಗೆ ಪ್ರೋಟೀನಿನ ಬಿಡಿಭಾಗಗಳಾದ ಮೆಥಿಯೊನಿನ್ ಮತ್ತು ಲೈಸಿನ್ ಎಂಬ ಅಮೈನೊ ಆಮ್ಲಗಳು ಇರಲೇಬೇಕು. ಜೋಳ, ಸೋಯಾ ಸೇರಿದ ಆಹಾರದಲ್ಲಿ ಮೊದಲು ಕೊರತೆಯಾಗುವುದು ಮೆಥಿಯೊನಿನ್. ಅದನ್ನು ಹಾಕದೆ ಬಿಟ್ಟರೆ ಉಳಿದ ಪ್ರೋಟೀನೂ ಪೂರ್ತಿ ಮಾಂಸವಾಗುವುದಿಲ್ಲ. ಹಸಿ ಸೋಯಾ ಕಾಳನ್ನು ಬೀಸಿ ಹಾಕುವ ಸಾಹಸ ಬೇಡ, ಏಕೆಂದರೆ ಸರಿಯಾಗಿ ಬಿಸಿಮಾಡದ ಸೋಯಾದಲ್ಲಿರುವ, ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಅಂಶ ಜೀರ್ಣಕ್ರಿಯೆಯನ್ನೇ ಕೆಡಿಸುತ್ತದೆ.

ಸೋಯಾ ತೀರ ಹೆಚ್ಚಾದಾಗ ಅದರ ಕೆಲವು ಸಕ್ಕರೆಗಳು ಮರಿಗೆ ಜೀರ್ಣವಾಗದೆ ಹಿಕ್ಕೆ ಅಂಟಂಟಾಗುತ್ತದೆ. ಒಳ್ಳೆಯ ಮೀನಿನ ಪುಡಿ ಇಲ್ಲಿ ನೆರವಿಗೆ ಬರುತ್ತದೆ. ಶೇ 50ರಷ್ಟು ಪ್ರೋಟೀನಿರುವ 5 ಕೆ.ಜಿ. ಮೀನಿನ ಪುಡಿ ಸುಮಾರು 5.5 ಕೆ.ಜಿ. ಸೋಯಾ ಹಿಂಡಿಗೆ ಸಮ. ಲೈಸಿನ್, ಮೆಥಿಯೊನಿನ್ ಎರಡೂ ಅದರಲ್ಲಿ ಚೆನ್ನಾಗಿವೆ. ಆದರೆ ಕೊಳ್ಳುವಾಗ ಎಚ್ಚರ ತಪ್ಪಬಾರದು. ಒಂದು ಬ್ಯಾಚಿಗೆ ನಾನು ನೋಡದೆ ತಂದ ಪುಡಿಯಲ್ಲಿ ಉಪ್ಪು ಎಷ್ಟಿತ್ತೆಂದರೆ, ಮರಿಗಳು ನೀರಿನ ಬಳಿಯಿಂದ ಕದಲಲಿಲ್ಲ, ನಾಲ್ಕನೆಯ ದಿನಕ್ಕೆ, ಮರಿಗಳಿಗೆ ಶಾಖ ಕೊಡುವ ಬ್ರೂಡರಿನ ಸುತ್ತಲ ಹೊಟ್ಟು ಹಿಂಡಿದರೆ ನೀರು ಬರುವಂತಾಗಿತ್ತು. ಅಂದಿನಿಂದ ಚಿಟಿಕೆ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡುತ್ತೇನೆ. ಗಾಜಿನ ಲೋಟದ ನೀರಿಗೆ ಎರಡು ಚಮಚ ಹಾಕಿ ಕಲಕಿ, ತಳದಲ್ಲಿ ಕೂರುವ ಮರಳು, ಚಿಪ್ಪಿನ ಚೂರನ್ನು ಬೆರಳಿನಿಂದ ಉಜ್ಜಿ ನೋಡುತ್ತೇನೆ. ಉಪ್ಪಾಗಿದ್ದರೂ ಮರಳಿದ್ದರೂ ಆ ಚೀಲ ಮರಿಗಳಿಗಲ್ಲ. ಮೀನಿನ ಪುಡಿ ಬೆರೆಸಿದಾಗ ಮಿಶ್ರಣದ ಉಪ್ಪನ್ನೂ ತಗ್ಗಿಸಬೇಕು.

ಕಡಲೆಕಾಯಿ ಹಿಂಡಿ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಪ್ರೋಟೀನ್ ಕೂಡ ಶೇ 40ರ ಮೇಲಿರುತ್ತದೆ. ಆದರೂ ಮೊದಲ ವಾರಕ್ಕೆ ಅದನ್ನು ಬಿಡುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಲೈಸಿನ್, ಮೆಥಿಯೊನಿನ್ ಎರಡೂ ಕಡಿಮೆ. ಜೊತೆಗೆ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದರೆ ಅದರ ಅಫ್ಲಾಟಾಕ್ಸಿನ್ ವಿಷ ನೇರವಾಗಿ ಎಳೆಯ ಮರಿಯ ಪಿತ್ತಜನಕಾಂಗಕ್ಕೆ ತಗಲುತ್ತದೆ, ಬಿಸಿಲಿಗೆ ಒಣಗಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಸೂರ್ಯಕಾಂತಿ ಹಿಂಡಿ, ಭತ್ತದ ತೌಡುಗಳಲ್ಲಿ ನಾರು ಹೆಚ್ಚು. ಪುಟ್ಟ ಹೊಟ್ಟೆ ಅದರಿಂದಲೇ ತುಂಬಿಬಿಡುತ್ತದೆ.

ಮರಿಗಳನ್ನು ಇಳಿಸುವ ಮೊದಲೇ ಬ್ರೂಡರಿನಡಿ 32ರಿಂದ 34 ಡಿಗ್ರಿ ಶಾಖವಿದ್ದು, ಕಾಗದದ ಮೇಲೆ ನುಚ್ಚಿನಂಥ ಆಹಾರ ಹರಡಿರಬೇಕು, ಪಕ್ಕದಲ್ಲೇ ನೀರಿರಬೇಕು. ಇಳಿಸಿ ಎಂಟು ಗಂಟೆ ಕಳೆದ ಬಳಿಕ ಹತ್ತಾರು ಮರಿಗಳನ್ನು ಎತ್ತಿ ಕತ್ತಿನ ಬುಡದ ಮೇವಿನ ಚೀಲವನ್ನು ಬೆರಳ ತುದಿಯಿಂದ ಮುಟ್ಟಿ. ಕಲಸಿದ ಹಿಟ್ಟಿನಂತೆ ಮೆತ್ತಗಿದ್ದರೆ ತಿಂದು ಕುಡಿದಿದೆ; ಗಟ್ಟಿಯಾಗಿ ಕಾಳು ಕಾಳಾಗಿ ಸಿಕ್ಕರೆ ನೀರು ಕುಡಿದಿಲ್ಲ. ಹತ್ತರಲ್ಲಿ ಎಂಟಕ್ಕಾದರೂ ಚೀಲ ತುಂಬಿರಬೇಕು, ಮರುದಿನಕ್ಕೆ ಹೆಚ್ಚುಕಡಿಮೆ ಎಲ್ಲಕ್ಕೂ.

ಏಳನೆಯ ದಿನ ಬೆಳಿಗ್ಗೆ ಶೆಡ್ಡಿನ ಬೇರೆ ಬೇರೆ ಮೂಲೆಗಳಿಂದ ಐವತ್ತು ಮರಿಗಳನ್ನು ಹಿಡಿದು ಪೆಟ್ಟಿಗೆಯಲ್ಲಿ ತೂಗಿ. ಸರಾಸರಿ ತೂಕ ಬಂದ ದಿನದ ನಾಲ್ಕು ಪಟ್ಟಿಗೆ, ಅಂದರೆ 160ರಿಂದ 180 ಗ್ರಾಮಿಗೆ ಮುಟ್ಟಿರಬೇಕು. ಮುಟ್ಟದಿದ್ದರೆ ಹಿಂಡಿಯನ್ನು ದೂರುವ ಮೊದಲು ರಾತ್ರಿಯ ಶಾಖವನ್ನೂ ನೀರಿನ ಪಾತ್ರೆಗಳ ಸಂಖ್ಯೆಯನ್ನೂ ನೋಡಿ. ಮುಟ್ಟಿದ್ದರೆ ಎಂಟನೆಯ ದಿನದಿಂದ ಮುಂದಿನ ಹಂತದ ಸ್ಟಾರ್ಟರ್ ಆಹಾರವನ್ನು ಎರಡು ಮೂರು ದಿನ ಬೆರೆಸುತ್ತಾ ಬದಲಾಯಿಸಿ.