ಮಗನ ಎಲುಬಿಗೆ ಹಾಲೊಂದೇ ಸಾಲಲಿಲ್ಲ

ನನ್ನ ಮಗನಿಗೆ ಸಿಸ್ಟಿಕ್ ಫೈಬ್ರೋಸಿಸ್, ಮೈಯೊಳಗಿನ ಲೋಳೆ ದಪ್ಪವಾಗಿ ಶ್ವಾಸಕೋಶ, ಜೀರ್ಣಾಂಗ ಕಟ್ಟುವ ಹುಟ್ಟು ಕಾಯಿಲೆ. ಕಫ, ಕೆಮ್ಮು, ಏರದ ತೂಕ, ಇದರಲ್ಲೇ ಮೊದಲ ವರ್ಷಗಳು ಕಳೆದವು. ಎಲುಬಿನ ಮಾತು ಬಂದದ್ದು ಹತ್ತು ವರ್ಷದ ಹೊತ್ತಿಗೆ. ಮಂಗಳೂರಿಗೆ ಹೋಗಿ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಅದೇ ವಯಸ್ಸಿನ ಮಕ್ಕಳ ಸರಾಸರಿಗೆ ಹೋಲಿಸಿ ಹೇಳುವ ಝಡ್ ಸ್ಕೋರ್ ಮೈನಸ್ 1ಕ್ಕೂ ಮೈನಸ್ 2ಕ್ಕೂ ನಡುವೆ, ಅಂದರೆ ಸರಾಸರಿಗಿಂತ ಕಡಿಮೆ. ಔಷಧಿ ಈಗ ಬೇಡ, ಊಟ ಆಟ ಸರಿ ಮಾಡಿ ಅಂದರು ಡಾಕ್ಟರು.

ಕುಂಬಳೆಯ ನಮ್ಮ ನೆರೆಕರೆಯಲ್ಲಿ ಎಲ್ಲರದ್ದೂ ಒಂದೇ ಸಲಹೆ: "ಹಾಲು ಜಾಸ್ತಿ ಕೊಡಿ ಅಕ್ಕ, ರಾಗಿ ಮಣ್ಣಿ ಮಾಡಿ." ಕೊಡುತ್ತೇವೆ. ಆದರೆ ಈ ಕಾಯಿಲೆಯ ಹೆಚ್ಚಿನ ಮಕ್ಕಳ ಪ್ಯಾಂಕ್ರಿಯಾಸ್‌ನ ಜೀರ್ಣರಸ ಕರುಳಿಗೆ ಸರಿಯಾಗಿ ಇಳಿಯುವುದಿಲ್ಲ. ತಿಂದ ಕೊಬ್ಬು ಜೀರ್ಣವಾಗದೆ ಹೊರಗೆ ಹೋಗುತ್ತದೆ, ಜೊತೆಗೆ ಎ, ಡಿ, ಇ, ಕೆ ವಿಟಮಿನ್‌ಗಳೂ. ಡಿ ಇಲ್ಲದಿದ್ದರೆ ಹಾಲಿನ ಕ್ಯಾಲ್ಸಿಯಂ ಮೈಗೆ ಹತ್ತುವುದಾದರೂ ಹೇಗೆ?

ಅದಕ್ಕೇ ನಮ್ಮಲ್ಲಿ ಆ ರಸದ ಕೆಲಸ ಮಾಡುವ ಎಂಜೈಮ್ ಕ್ಯಾಪ್ಸೂಲ್ ಮೊದಲು, ಉಳಿದದ್ದು ಆಮೇಲೆ. ಊಟದ ಮೊದಲ ತುತ್ತಿಗೇ ಅದು ಹೊಟ್ಟೆಗೆ ಹೋಗಬೇಕು, ಜಗಿಯಬಾರದು. ವಿಟಮಿನ್ ಮಾತ್ರೆ ಮಧ್ಯಾಹ್ನದ ಊಟದ ಜೊತೆ. ಆಗ ತೆಂಗಿನಕಾಯಿ ಅರೆದ ಪದಾರ್ಥವೋ ಹುರಿದ ಬೂತಾಯಿ ಮೀನೋ ಇದ್ದೇ ಇರುತ್ತದೆ, ಕೊಬ್ಬಿನ ಜೊತೆ ಡಿ ಒಳಗೆ ಸೇರುತ್ತದೆ. ಕಷ್ಟ ಬರುವುದು ಮದುವೆ ಊಟದಲ್ಲಿ. ಉಪ್ಪಿನಕಾಯಿ ಬಡಿಸುವಾಗ ಕೂತವನಿಗೆ ಹೋಳಿಗೆ ಬರುವಾಗ ಅರ್ಧ ಗಂಟೆ ಆಗಿರುತ್ತದೆ, ಮೊದಲ ತುತ್ತಿನ ಕ್ಯಾಪ್ಸೂಲ್ ಅಷ್ಟು ಹೊತ್ತಿಗೆ ಸಾಲದು. ಡಾಕ್ಟರನ್ನು ಕೇಳಿ ಡೋಸ್ ಎರಡು ಪಾಲು ಮಾಡಿದೆವು. ಅವನು ದೂರದ ಸಾಲಿನಿಂದ "ಅಮ್ಮಾ, ಹೋಳಿಗೆ!" ಅಂತ ಕೂಗುತ್ತಾನೆ. ನಾನು ಸಣ್ಣ ಡಬ್ಬಿ ಹಿಡಿದು ಎದ್ದು ಹೋಗುತ್ತೇನೆ. ಪಕ್ಕದವರು ನೋಡಿದರೆ ನೋಡಲಿ.

ಮಳೆಗಾಲದಲ್ಲಿ ಇಲ್ಲಿ ಬಿಸಿಲೇ ಕಾಣುವುದಿಲ್ಲ ಅಲ್ವಾ, ಅದು ಮುಗಿದ ಮೇಲೆ ರಕ್ತದಲ್ಲಿ ವಿಟಮಿನ್ ಡಿ ನೋಡಿಸುತ್ತೇವೆ. ಮಿಲಿಲೀಟರಿಗೆ 30 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಡಾಕ್ಟರು ಡೋಸ್ ಬದಲಿಸುತ್ತಾರೆ. ಯಾರೋ ಹೇಳಿದರೆಂದು ಸುಮ್ನೆ 60,000 ಯೂನಿಟ್‌ನ ಪುಡಿ ತಂದು ಕೊಡಬೇಡಿ. ಡಿ ಮೈಯಲ್ಲಿ ಉಳಿಯುತ್ತದೆ, ಜಾಸ್ತಿಯಾದರೂ ತೊಂದರೆಯೇ.

ಎಲುಬಿಗೆ ಭಾರ ಬೀಳಬೇಕು, ಕುಣಿತ ಬೇಕು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ನಮ್ಮ ಕುಂಬಳೆ, ಇಲ್ಲಿ ಅದಕ್ಕೇನು ಬರ? ಯಕ್ಷಗಾನ ತರಗತಿಗೆ ಸೇರಿಸಿದೆವು. ಹಾರಿ ಸುತ್ತುವ ಧೀಂಗಿಣ ಹಾಕಿದರೆ ಕಾಲಿಗೂ ಬೆನ್ನಿಗೂ ಕೆಲಸ, ಎದೆಯ ಕಫವೂ ಸಡಿಲ. ಬೆವರಿನಲ್ಲಿ ಇವರಿಗೆ ಉಪ್ಪು ವಿಪರೀತ ಹೋಗುತ್ತದೆ, ಉಪ್ಪು ಹಾಕಿದ ಮಜ್ಜಿಗೆಯ ಬಾಟಲಿ ಚೀಲದಲ್ಲೇ ಇರುತ್ತದೆ.

ಎದೆಯ ಫಿಸಿಯೋಥೆರಪಿಯನ್ನು ಒಂದು ದಿನವೂ ಬಿಡುವುದಿಲ್ಲ. ಪದೇ ಪದೇ ಸೋಂಕಾದರೆ ಆ ಉರಿಯೂತವೇ ಎಲುಬನ್ನು ಸವೆಸುತ್ತದೆ, ಸ್ಟೀರಾಯ್ಡ್ ಮಾತ್ರೆ ತಿನ್ನಬೇಕಾಗಿ ಬಂದರೆ ಅದೂ ಎಲುಬನ್ನು ಸವೆಸುತ್ತದೆ. ಕೆಮ್ಮಿ ಕೆಮ್ಮಿ ಪಕ್ಕೆಲುಬು ಬಿರುಕು ಬಿಟ್ಟರೆ ನೋವಿಗೆ ಕಫ ತೆಗೆಯಲಾಗದು, ಮತ್ತೆ ಸೋಂಕು.

ಎರಡನೆಯ ಸ್ಕ್ಯಾನ್‌ನಲ್ಲಿ ಸ್ಕೋರ್ ಕೆಳಗಿಳಿದಿರಲಿಲ್ಲ. ಈಗ ಮೀಸೆ ಮೂಡುವ ವಯಸ್ಸು. ಈ ಕಾಯಿಲೆಯ ಮಕ್ಕಳಲ್ಲಿ ಅದು ತಡವಾಗುವುದುಂಟು, ತಡವಾದರೆ ಎಲುಬು ಬಲಿಯುವುದೂ ಹಿಂದೆ ಬೀಳುತ್ತದೆ. ಎತ್ತರ, ತೂಕ ತಿಂಗಳು ತಿಂಗಳು ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಮುಂದಿನ ಸಲ ಡಾಕ್ಟರ ಜೊತೆ ಮಾತು ಆ ಪುಸ್ತಕದಿಂದಲೇ ಶುರು.